ಸ್ಪ್ಯಾನಿಷ್ ಮನೆಮಾತಿನ ಹುಡುಗರ ಜೊತೆ ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಹೇವರ್ಡ್ ಕಡೆ ಕನ್ನಡದವರು ತುಂಬ ಇದ್ದೇವೆ. ಸ್ಪ್ಯಾನಿಷ್ ಮಾತಾಡುವ ಮನೆಗಳು ಅದಕ್ಕಿಂತ ಎಷ್ಟೋ ಜಾಸ್ತಿ. ಆ ಮನೆಗಳ ಹುಡುಗ ಹುಡುಗಿಯರು ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಬಂದು, ಇಂಗ್ಲಿಷ್ ಕಲಿಯುತ್ತಲೇ ಡಿಗ್ರಿ ಮಾಡಲು ಹೊರಡುತ್ತಾರೆ. ಅವರಿಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಲು, ಪ್ರಬಂಧ ಬರೆಯಲು ನಾನು ಸಂಜೆ ಹೊತ್ತು ಸಹಾಯ ಮಾಡುತ್ತೇನೆ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂನಲ್ಲಿ ಓದಿ, ಪಿಯುಸಿಯಲ್ಲಿ ಪಾಠ ತಲೆಗೆ ಹತ್ತದೆ ಒದ್ದಾಡಿದವನು ನಾನು. ಇವರ ಕಷ್ಟ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಂದವರು ಮೊದಲು ಕೇಳುವುದು ಒಂದೇ: "ಪ್ರೊಫೆ (ಮೇಷ್ಟ್ರೇ), ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಿನ ಮನೆತನದ) ವಿದ್ಯಾರ್ಥಿಗಳಿಗೆ ಅಂತಲೇ ಯಾವ ಸ್ಕಾಲರ್‌ಶಿಪ್ ಇದೆ?" ನಾನು ಅಲ್ಲಿಂದ ಶುರು ಮಾಡುವುದಿಲ್ಲ. ದೊಡ್ಡ ದುಡ್ಡು ಇರುವುದು ಸರ್ಕಾರದ ಹತ್ತಿರ. ಅದಕ್ಕೆ ಫಾಫ್ಸಾ ಅನ್ನುವ ಫಾರಂ ತುಂಬಬೇಕು. ಬಿಡಿಗಾಸು ಖರ್ಚಿಲ್ಲ, ಸ್ಪ್ಯಾನಿಷ್‌ನಲ್ಲೂ ಸಿಗುತ್ತದೆ. ಬಡ ಮನೆಯ ಮಕ್ಕಳಿಗೆ ಇದರಿಂದ ಪೆಲ್ ಗ್ರಾಂಟ್ ಅನ್ನುವ, ವಾಪಸ್ ಕೊಡಬೇಕಿಲ್ಲದ ಕೇಂದ್ರದ ನೆರವು ಬರುತ್ತದೆ. 2024-25ರಲ್ಲಿ ಅದು ವರ್ಷಕ್ಕೆ ಗರಿಷ್ಠ 7,395 ಡಾಲರ್ ಇತ್ತು. ರಾಜ್ಯದ ಕ್ಯಾಲ್ ಗ್ರಾಂಟ್‌ಗೂ ಇದೇ ಫಾರಂ ಬೇಕು. ಅದರ ಮಾಮೂಲಿ ಗಡುವು ಮಾರ್ಚ್ 2. ಕಮ್ಯುನಿಟಿ ಕಾಲೇಜಿನವರಿಗೆ ಸೆಪ್ಟೆಂಬರ್ 2ಕ್ಕೆ ಇನ್ನೊಂದು ಅವಕಾಶ ಇದೆ. ಖಾಸಗಿ ಸ್ಕಾಲರ್‌ಶಿಪ್‌ಗಳಲ್ಲೂ ಬಹಳಷ್ಟು ಕಡೆ "ಫಾಫ್ಸಾ ತುಂಬಿದ್ದೀರಾ?" ಅಂತಲೇ ಕೇಳುತ್ತಾರೆ.

ಅಮೆರಿಕದಲ್ಲಿರಲು ಕಾಗದಪತ್ರ ಇಲ್ಲದವರು ಫಾಫ್ಸಾ ತುಂಬುವ ಹಾಗಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ 2001ರ ಎಬಿ 540 ಕಾನೂನು ಇದೆ. ಇಲ್ಲಿನ ಶಾಲೆಯಲ್ಲಿ ಮೂರು ವರ್ಷ ಓದಿ ಹೈಸ್ಕೂಲು ಮುಗಿಸಿದ್ದರೆ ಅವರಿಗೂ ಈ ರಾಜ್ಯದವರಿಗೆ ಇರುವ ಕಡಿಮೆ ಫೀಸೇ. ರಾಜ್ಯದ ನೆರವಿಗೆ ಕ್ಯಾಲಿಫೋರ್ನಿಯಾ ಡ್ರೀಮ್ ಆ್ಯಕ್ಟ್ ಅರ್ಜಿ ಬೇರೆಯೇ ಇದೆ. ಮಗಳು ಇಲ್ಲೇ ಹುಟ್ಟಿದ ಪ್ರಜೆ, ಅಪ್ಪ ಅಮ್ಮನಿಗೆ ಕಾಗದ ಇಲ್ಲ, ಇಂಥ ಮನೆಗಳು ಬೇಕಾದಷ್ಟಿವೆ. ಹೆತ್ತವರ ವಿವರ ಕೇಂದ್ರ ಸರ್ಕಾರಕ್ಕೆ ಕೊಡಲು ಅವರಿಗೆ ಭಯ. 2024ರಿಂದ ಅಂಥ ಮಕ್ಕಳೂ ಡ್ರೀಮ್ ಆ್ಯಕ್ಟ್ ಅರ್ಜಿಯ ಮೂಲಕ ರಾಜ್ಯದ ನೆರವು ಕೇಳಬಹುದು. ಪೆಲ್ ಗ್ರಾಂಟ್ ಮಾತ್ರ ಆ ದಾರಿಯಲ್ಲಿ ಸಿಗುವುದಿಲ್ಲ. ಯಾವುದನ್ನು ತುಂಬಬೇಕು ಅಂತ ನಾನು ಹೇಳಲು ಹೋಗುವುದಿಲ್ಲ. ವಲಸೆ ಕಾನೂನು ಗೊತ್ತಿರುವ ವಕೀಲರನ್ನು ಕೇಳಿ, ಮನೆಯವರೆಲ್ಲ ಕೂತು ತೀರ್ಮಾನ ಮಾಡಿ ಅನ್ನುತ್ತೇನೆ.

ಫಾರಂ ತುಂಬುವಾಗ ಸಿಕ್ಕಿಕೊಳ್ಳುವುದು ಹೆಸರಲ್ಲಿ. ಸ್ಪ್ಯಾನಿಷ್ ಮನೆಗಳಲ್ಲಿ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು ಮನೆತನದ ಹೆಸರು ಇರುತ್ತದೆ. ಸರ್ಕಾರದ ಗುರುತಿನ ಸಂಖ್ಯೆ ಇರುವ ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಎರಡೂ, ಶಾಲೆಯ ಅಂಕಪಟ್ಟಿಯಲ್ಲಿ ಒಂದೇ, ಬ್ಯಾಂಕಿನಲ್ಲಿ ನಡುವೆ ಅಡ್ಡಗೆರೆ. ಊರ ಹೆಸರು, ಅಪ್ಪನ ಹೆಸರು ಇನಿಶಿಯಲ್‌ನಲ್ಲಿ ಇಟ್ಟುಕೊಂಡು ಪಾಸ್‌ಪೋರ್ಟ್ ಮಾಡಿಸಿದ ನಮಗೆ ಈ ಪಾಡು ಗೊತ್ತೇ ಇದೆ, ಅಲ್ವಾ? ಹಾಗಾಗಿ ಮೊದಲು ಕಾರ್ಡು, ಅಂಕಪಟ್ಟಿ ಎಲ್ಲ ಮೇಜಿನ ಮೇಲೆ ಹರಡಿಸುತ್ತೇನೆ. ಫಾಫ್ಸಾದಲ್ಲಿ ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇರುವ ಹಾಗೇ, ಒಂದಕ್ಷರ ಬಿಡದೆ ಬರೆಸುತ್ತೇನೆ. ಉಳಿದ ಕಡೆ ಹೆಸರು ಬೇರೆ ಇದ್ದರೆ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೆ ಮುಂಚೆಯೇ ತಿಳಿಸಿಬಿಡಬೇಕು.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಪೆಲ್ ಗ್ರಾಂಟ್‌ಗೆ ಜೀವಮಾನದ ಮಿತಿ ಇದೆ. ಪೂರ್ತಿ ಹೊತ್ತು ಓದುವ ಲೆಕ್ಕದಲ್ಲಿ 12 ಸೆಮಿಸ್ಟರ್, ಅಷ್ಟೇ. ಕ್ರೆಡಿಟ್ ಇರುವ, ಅಂದರೆ ಕಾಲೇಜಿನ ಓದಿನ ಲೆಕ್ಕಕ್ಕೆ ಸೇರುವ, ಇಂಗ್ಲಿಷ್ ಕಲಿಕೆಯ ತರಗತಿಗಳಿಗೆ ಆ ದುಡ್ಡು ಬಳಸಿದರೆ ಮಿತಿಯೂ ಕರಗುತ್ತಾ ಬರುತ್ತದೆ. ಆಮೇಲೆ ನಾಲ್ಕು ವರ್ಷದ ಯೂನಿವರ್ಸಿಟಿಗೆ ಹೋದಾಗ, ಖರ್ಚು ಜಾಸ್ತಿ ಇರುವ ಹೊತ್ತಿಗೇ ಗ್ರಾಂಟ್ ಮುಗಿದುಹೋಗಬಹುದು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ನಾನ್‌ಕ್ರೆಡಿಟ್ ಇಂಗ್ಲಿಷ್ ತರಗತಿಗೆ ಫೀಸೇ ಇಲ್ಲ. ಬುಡದ ಹಂತಗಳನ್ನು ಅಲ್ಲಿ ಮುಗಿಸಿ, ಮೇಲಿನ ಹಂತಕ್ಕೆ ಕ್ರೆಡಿಟ್ ತರಗತಿ ಸೇರಿ ಅನ್ನುವುದು ನನ್ನ ಸಲಹೆ.

ಇಷ್ಟಾದ ಮೇಲೆ ಖಾಸಗಿ ಸ್ಕಾಲರ್‌ಶಿಪ್. ಹಿಸ್ಪಾನಿಕ್ ಸ್ಕಾಲರ್‌ಶಿಪ್ ಫಂಡ್ 1975ರಿಂದ ಇದೆ. ಹೈಸ್ಕೂಲಿನವರಿಗೆ 3.0, ಕಾಲೇಜಿನವರಿಗೆ 2.5 ಜಿಪಿಎ (4ರ ಲೆಕ್ಕದಲ್ಲಿ ಸರಾಸರಿ ಅಂಕ) ಕೇಳುತ್ತದೆ. ಕಾಗದಪತ್ರ ಇಲ್ಲದವರಿಗೆ 2013ರಲ್ಲಿ ಶುರುವಾದ ದಿಡ್ರೀಮ್ ಡಾಟ್ ಯುಎಸ್ ಇದೆ. ಕಮ್ಯುನಿಟಿ ಕಾಲೇಜಿನಿಂದ ಯೂನಿವರ್ಸಿಟಿಗೆ ಹೋಗುವವರಿಗೆ ಜ್ಯಾಕ್ ಕೆಂಟ್ ಕುಕ್ ಫೌಂಡೇಶನ್ ದೊಡ್ಡ ಮೊತ್ತ ಕೊಡುತ್ತದೆ. ಆದರೆ ಪೈಪೋಟಿ ವಿಪರೀತ. ಮೆಕ್‌ಡೊನಾಲ್ಡ್ಸ್ ಕಂಪನಿ 1985ರಿಂದ ನಡೆಸುತ್ತಿರುವ ಸ್ಕಾಲರ್‌ಶಿಪ್‌ಗೆ ಮೊದಲು ಅಪ್ಪ ಅಥವಾ ಅಮ್ಮ ಹಿಸ್ಪಾನಿಕ್ ಆಗಿರಬೇಕಿತ್ತು. ಕೋರ್ಟಿನಲ್ಲಿ ದಾವೆ ಬಿದ್ದು, 2025ರಲ್ಲಿ ಆ ನಿಯಮ ತೆಗೆದರು. ಹಿಸ್ಪಾನಿಕ್ ಸಮುದಾಯಕ್ಕೆ ನೀನು ಏನು ಮಾಡಿದೆ ಅಂತ ಈಗ ಕೇಳುತ್ತಾರೆ. ವಂಶ ತೋರಿಸಿದರೆ ಆಗಲ್ಲ, ಮಾಡಿದ ಕೆಲಸ ತೋರಿಸಬೇಕು. ಅಂದರೆ ಪ್ರಬಂಧದ ತೂಕ ಇನ್ನೂ ಹೆಚ್ಚಾಯಿತು. ನನ್ನ ಹೊತ್ತೆಲ್ಲ ಹೋಗುವುದೂ ಅಲ್ಲೇ.

ಮೊದಲ ಕರಡು ಎಲ್ಲರದೂ ಒಂದೇ ತರಹ. ನಾನು ಕಷ್ಟಪಟ್ಟು ದುಡಿಯುವವಳು, ಎಂದೂ ಸೋಲೊಪ್ಪುವುದಿಲ್ಲ, ಇಂಗ್ಲಿಷ್ ಚೆನ್ನಾಗಿ ಬರಲ್ಲ, ದಯವಿಟ್ಟು ಕ್ಷಮಿಸಿ. ಕ್ಷಮೆ ಕೇಳುವ ಸಾಲನ್ನು ಮೊದಲು ಹೊಡೆದು ಹಾಕಿಸುತ್ತೇನೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿಸಿ ಮಾತಿಗೆ ಎಳೆಯುತ್ತೇನೆ. ಒಬ್ಬಳನ್ನು ಕೇಳಿದೆ, "ಈ ತಿಂಗಳು ಮನೆಗೆ ಬಂದ ಯಾವ ಕಾಗದ ನೀನು ಓದಿ ಹೇಳಿದೆ?" ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಬಾಡಿಗೆ ಏರಿಸುತ್ತೇನೆ ಅಂತ ಮನೆ ಓನರ್ ಕಳಿಸಿದ ನೋಟಿಸು. ಅವಳು ಅದನ್ನು ಡಿಕ್ಷನರಿ ಇಟ್ಟುಕೊಂಡು ಓದಿದಳು. ಲೈಬ್ರರಿಗೆ ಹೋಗಿ ಬಾಡಿಗೆದಾರರ ನಿಯಮ ಕೇಳಿಕೊಂಡು ಬಂದಳು. ಫೋನಿನಲ್ಲಿ ಏನು ಹೇಳಬೇಕೋ ಅದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡು, ಅಪ್ಪ ಪಕ್ಕದಲ್ಲಿ ನಿಂತಿರುವಾಗ ಓನರ್‌ಗೆ ಫೋನ್ ಮಾಡಿದಳು. ಆ ಚೀಟಿ ಇನ್ನೂ ಅವಳ ಪರ್ಸಿನಲ್ಲಿತ್ತು. ನಾಲ್ಕು ಮಡಿಕೆ, ಬೆವರಿಗೆ ಮಸುಕಾದ ಅಕ್ಷರ, ಉಚ್ಚಾರಣೆ ಮರೆಯಬಾರದು ಅಂತ ಪದಗಳ ಮೇಲೆ ಸ್ಪ್ಯಾನಿಷ್ ಕಾಗುಣಿತ. "ಇದನ್ನೇ ಬರಿ" ಅಂದೆ. "ಇದರಲ್ಲಿ ಏನಿದೆ, ಎಲ್ಲರೂ ಮಾಡ್ತಾರಲ್ಲ?" ಅಂದಳು.

ಅರ್ಜಿ ಓದುವ ಸಮಿತಿಯವರ ಮನೆಗಳಲ್ಲಿ ಎಲ್ಲರೂ ಮಾಡಿರುವುದಿಲ್ಲ. ಎರಡು ಭಾಷೆಗಳ ನಡುವೆ ಮನೆಯ ವ್ಯವಹಾರ ಹೊತ್ತು ನಡೆಸುವುದು ದೊಡ್ಡ ಕೆಲಸ. ಇಂಗ್ಲಿಷ್ ಇನ್ನೂ ಕಲಿಯುತ್ತಿದ್ದೇನೆ ಅನ್ನುವುದನ್ನು ಮುಚ್ಚಿಡಬಾರದು. ಅರ್ಜಿಯ ಶಕ್ತಿಯೇ ಅದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಬರೆಯುವಾಗ ಮೊದಲು ಸ್ಪ್ಯಾನಿಷ್‌ನಲ್ಲಿ ಜೋರಾಗಿ ಹೇಳಿಸುತ್ತೇನೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕೇಳುತ್ತಾ ಅವರೇ ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ. ನಾನು ತಿದ್ದುವುದು ಅರ್ಥಕ್ಕೆ ಅಡ್ಡ ಬರುವ ತಪ್ಪನ್ನು ಮಾತ್ರ. ಸ್ಪ್ಯಾನಿಷ್‌ನಲ್ಲೂ ನಮ್ಮ ಕನ್ನಡದ ಹಾಗೆ ಕರ್ತೃಪದ ಬಿಟ್ಟು ಮಾತಾಡಬಹುದು. ಆ ರೂಢಿ ಇಂಗ್ಲಿಷ್ ವಾಕ್ಯಕ್ಕೂ ನುಗ್ಗುತ್ತದೆ, ನನ್ನ ಕಣ್ಣಿಗೆ ತಕ್ಷಣ ಬೀಳುತ್ತದೆ. ಉಳಿದ ಸಣ್ಣ ಸರಳ ಪದಗಳನ್ನು ಮುಟ್ಟುವುದಿಲ್ಲ. ನಾನು ಸುಮ್ನೆ ಭಾರಿ ಪದ ತುಂಬಿಸಿದರೆ ಸಂದರ್ಶನದಲ್ಲಿ ಆ ಹುಡುಗಿ ಬಾಯಿ ಬಿಟ್ಟ ಕೂಡಲೇ ವ್ಯತ್ಯಾಸ ಕಾಣುತ್ತದೆ. ಅವಳ ಮಾತು ಅವಳದೇ ಆಗಿರಬೇಕು.

ಶಿಫಾರಸು ಪತ್ರಕ್ಕೆ ಪುಯೆಂತೆ ತರಗತಿಯ ಮೇಷ್ಟ್ರನ್ನೇ ಕೇಳಿ ಅನ್ನುತ್ತೇನೆ. ಈ ಕಾರ್ಯಕ್ರಮ 1981ರಲ್ಲಿ ಹೇವರ್ಡ್‌ನ ಶಾಬೋ ಕಾಲೇಜಿನಲ್ಲೇ ಹುಟ್ಟಿದ್ದು. ಬರವಣಿಗೆ ಪಾಠದ ಜೊತೆಗೆ ಕೌನ್ಸೆಲರ್, ಹಿರಿಯ ಮಾರ್ಗದರ್ಶಕರು ಇರುತ್ತಾರೆ. ವಿದ್ಯಾರ್ಥಿ ಎಲ್ಲಿಂದ ಎಲ್ಲಿಗೆ ಬಂದಳು ಅಂತ ಅವರು ಕಣ್ಣಾರೆ ನೋಡಿರುತ್ತಾರೆ. ಹೈಸ್ಕೂಲಿನಲ್ಲಿರುವವರಿಗೆ ದ್ವಿಭಾಷಾ ಮುದ್ರೆಯ ಬಗ್ಗೆಯೂ ಹೇಳುತ್ತೇನೆ. ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯಲ್ಲೂ ಪಳಗಿದ್ದಾರೆ ಅಂತ ಡಿಪ್ಲೊಮಾ ಮೇಲೆ ಹಾಕುವ ಗುರುತು ಅದು. ಅಮೆರಿಕದಲ್ಲಿ ಮೊದಲು ತಂದಿದ್ದು ಕ್ಯಾಲಿಫೋರ್ನಿಯಾ, 2011ರಲ್ಲಿ.

ದೊಡ್ಡ ಹೆಸರಿನ ಸ್ಕಾಲರ್‌ಶಿಪ್ ಹಿಂದೆಯೇ ಬೀಳಬೇಡಿ. ಕಾಲೇಜಿನ ಸ್ವಂತ ಫೌಂಡೇಶನ್, ಊರಿನ ರೋಟರಿ ಕ್ಲಬ್, ಅಪ್ಪ ಅಮ್ಮನ ಕಾರ್ಮಿಕ ಸಂಘ, ಇಲ್ಲೆಲ್ಲ ಕೆಲವು ನೂರು ಡಾಲರ್‌ಗಳ ನೆರವು ಇರುತ್ತದೆ, ಅರ್ಜಿ ಹಾಕುವವರು ಕಮ್ಮಿ. ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಯೂನಿಟ್‌ಗೆ (ಕೋರ್ಸನ್ನು ಅಳೆಯುವ ಲೆಕ್ಕ) ಫೀಸು 46 ಡಾಲರ್, ಬಡವರಿಗೆ ಅದೂ ಮಾಫಿ. ಓದು ನಿಲ್ಲಿಸುವುದು ಬಾಡಿಗೆ, ಊಟ, ಬಸ್ಸು, ಪುಸ್ತಕದ ಖರ್ಚು. ಅಲ್ಲಿಗೆ ಈ ಸಣ್ಣ ದುಡ್ಡು ತುಂಬ ಒದಗುತ್ತದೆ. ಅರ್ಜಿಗೇ ದುಡ್ಡು ಕೇಳುವವರು ಸಿಕ್ಕರೆ ಮಾತ್ರ ಅಲ್ಲಿಂದ ಎದ್ದು ಬನ್ನಿ.

ಈ ಕೆಲಸಕ್ಕೆ ಕೈ ಜೋಡಿಸುವ ಮನಸ್ಸಿದ್ದವರಿಗೆ ಒಂದು ಮಾತು. ಅರ್ಜಿಯ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ 'ಕ್ಯಾಶ್ ಫಾರ್ ಕಾಲೇಜ್' ಅನ್ನುವ ಉಚಿತ ಶಿಬಿರಗಳು ನಡೆಯುತ್ತವೆ. ಸ್ಪ್ಯಾನಿಷ್ ಬರಲೇಬೇಕು ಅಂತಿಲ್ಲ. ನಿಮ್ಮ ಊರಿನ ಹೈಸ್ಕೂಲು ಕೌನ್ಸೆಲರ್‌ಗೆ ಒಂದು ಇಮೇಲ್ ಹಾಕಿ, ಸಂಜೆ ಎಷ್ಟು ಹೊತ್ತು ಕೊಡಬಲ್ಲಿರಿ ಅಂತ ತಿಳಿಸಿ.