ಮನೆ ಬಿಚ್ಚಿದ 18 ದಿನ

ಕೊಪ್ಪಳದ ಹತ್ತಿರ ನಮ್ಮೂರಲ್ಲಿ ಅಜ್ಜ ಕಟ್ಟಿಸಿದ ಮಾಳಿಗೆ ಮನೆ ಇತ್ತು. ಕಲ್ಲು ಮಣ್ಣಿನ ಗೋಡೆ, ಬೇವಿನ ಜಂತಿ, ಮೇಲೆ ಮೊಳದಷ್ಟು ಮಣ್ಣು. ಹಿಂದುಗಡೆ ಅಪ್ಪ ಆಮೇಲೆ ಸೇರಿಸಿದ ಇಟ್ಟಿಗೆ ಕೋಣೆ, ಅದಕ್ಕೆ ಸಿಮೆಂಟಿನ ಸ್ಲ್ಯಾಬ್. ಮಾಳಿಗೆ ಸೋರಲು ಶುರುವಾದ ಮೇಲೆ ಹೊಸ ಮನೆ ಕಟ್ಟೋದು ಅಂತಾಯಿತು. ಜೆಸಿಬಿಯವನಿಗೆ ಫೋನ್ ಮಾಡಿಯೂ ಆಗಿತ್ತು. ಅರ್ಧ ದಿನದಲ್ಲಿ ಕೆಡವಿ, ಟ್ರ್ಯಾಕ್ಟರಿಗೆ ತುಂಬಿ, ಹಳ್ಳದ ದಂಡೆಗೆ ಸುರಿದು ಬರೋದು ಅಂತ ನನ್ನ ಲೆಕ್ಕ. ಹಾಗೆ ಸುರಿದು ನೀರಿನ ದಾರಿ ಮುಚ್ಚುವಂತಿಲ್ಲ ಅಂತ 2016ರಲ್ಲೇ ನಿಯಮ ಬಂದಿತ್ತು ಅನ್ನೋದು ಆಗ ನನಗೆ ಗೊತ್ತಿರಲಿಲ್ಲ.

ತಡೆದಿದ್ದು ಗೌಂಡಿ ಕಾಕಾ. "ಜೆಸಿಬಿ ಮೊದಲ ಒಳಗ ಬಿಟ್ರ ಕಲ್ಲು, ಮಣ್ಣು, ಕಟಗಿ ಎಲ್ಲಾ ಕಲಸಿ ಹೋಗತೈತಿ ತಮ್ಮಾ. ಮನಿ ಬಿಚ್ಚೋಣು" ಅಂದರು.

ಬಿಚ್ಚೋದು ಅಂದರೆ ಕಟ್ಟಿದ್ದರ ತಿರುಗಾಮುರುಗಾ. ಕಡೆಗೆ ಕೂರಿಸಿದ್ದನ್ನು ಮೊದಲು ಇಳಿಸಬೇಕು. ಬಾಗಿಲು, ಕಿಟಕಿ, ವೈರು ಮೊದಲು. ಆಮೇಲೆ ಮಾಳಿಗೆ ಮಣ್ಣು, ಜಂತಿ, ತೊಲೆ, ಕಂಬ. ಗೋಡೆ ಎಲ್ಲಕ್ಕಿಂತ ಕಡೆಗೆ. 4 ಆಳು, 18 ದಿನ. ಕೂಲಿ ಜೆಸಿಬಿ ಬಾಡಿಗೆಗಿಂತ ಜಾಸ್ತಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಹಳೇ ಮನೆ ಮಣ್ಣು ಹೊಲಕ್ಕೆ ಒಳ್ಳೇದು ಅಂತ ಇಬ್ಬರು ರೈತರು ತಾವೇ ಟ್ರ್ಯಾಕ್ಟರ್ ತಂದು ಹೊತ್ತೊಯ್ದರು. ಗೋಡೆಯ ಕಲ್ಲು ಮಣ್ಣಲ್ಲಿ ಕೂತಿದ್ದರಿಂದ ಹಾರೆ ತಾಗಿಸಿದರೆ ಸಾಕು, ಬಿಡುತ್ತಿತ್ತು. ಹೊಸ ಮನೆಯ ಬುನಾದಿ ಪೂರ್ತಿ ಅದರಲ್ಲೇ ಎದ್ದಿತು. ಒಂದು ತೊಲೆಯ ಗೆದ್ದಲು ತಿಂದ ತುದಿ ಕತ್ತರಿಸಿ ಪಡಸಾಲೆಗೆ ಬೆಂಚು ಮಾಡಿಸಿದೆ.

ಅಪ್ಪನ ಕೋಣೆಯ ಇಟ್ಟಿಗೆ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಸಿಮೆಂಟು ಬಿಡಿಸಲು ಹೋದರೆ ಇಟ್ಟಿಗೆಯೇ ಒಡೆಯುತ್ತಿತ್ತು. ಮೂರರಲ್ಲಿ ಒಂದು ಇಡಿಯಾಗಿ ಬಂದರೆ ಪುಣ್ಯ. ಕಾಕಾ ಮಾತ್ರ ಬೇಜಾರಾಗಲಿಲ್ಲ. ಚೂರುಗಳನ್ನು ಕುಟ್ಟಿಸಿ, ಸುಣ್ಣ ಸೇರಿಸಿ, ಹೊಸ ಸ್ಲ್ಯಾಬಿನ ಮೇಲೆ ಗಚ್ಚು ಹಾಕಿಸಿದರು. ಬಿಸಿಲಿಗೂ ಆಯಿತು, ನೀರು ಹರಿಯಲು ಇಳಿಜಾರೂ ಆಯಿತು. ಹೀಗೆ ಕುಟ್ಟಿದ ಇಟ್ಟಿಗೆ ಪುಡಿಗೆ ಸುರ್ಕಿ ಅಂತಾರೆ, ಅದು ನಮ್ಮ ಕಡೆಗೆ ಹೊಸದಲ್ಲ ಅಲ್ವಾ? 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದೂ ಸುರ್ಕಿ ಗಾರೆಯೇ.

ನಾನು ಎಡವಿದ್ದು ಹಳೇ ಸ್ಲ್ಯಾಬಿನಲ್ಲಿ. ಬ್ರೇಕರ್ ಬಾಡಿಗೆಗೆ ತಂದು ಒಡೆಸಿದೆವು. ಒಳಗಿನ ಸರಳು ನೆಟ್ಟಗೆ ಮಾಡಿ ಬಾಗಿಲು, ಕಿಟಕಿ ಮೇಲಿನ ಲಿಂಟಲ್‌ಗೆ ಹಾಕೋಣ ಅಂದೆ. ತುಕ್ಕು ಹಿಡಿದು, ಬಾಗಿ ನೆಟ್ಟಗಾದ ಸರಳನ್ನು ಭಾರಕ್ಕೆ ನಂಬಬಾರದು ಅಂತ ಕಾಕಾ ಅದನ್ನು ಗುಜರಿಗೆ ಕಳಿಸಿದರು. ಕಾಂಕ್ರೀಟ್ ತುಂಡುಗಳನ್ನು ಸುತ್ತಿಗೆಯಿಂದ 20 ಮಿ.ಮೀ. ಆಸುಪಾಸಿಗೆ ಒಡೆಸಿ, ಜರಡಿ ಹಿಡಿದು ಜಲ್ಲಿ ಮಾಡಿದೆವು. ಅಂಗಳದ ಕಾಂಕ್ರೀಟಿಗೆ ಅದನ್ನೇ ಹಾಕಬೇಕಿತ್ತು.

ಆ ದಿನ ಕಾಕಾ ಬೇರೆ ಊರಿಗೆ ಹೋಗಿದ್ದರು. ಒಣ ಜಲ್ಲಿಯನ್ನೇ ಕಲಸಿಸಿದೆ. ಐದು ನಿಮಿಷಕ್ಕೆ ಮಾಲು ಬಿಗಿದುಕೊಂಡಿತು. ನೀರು ಸುರಿದೆ, ಮತ್ತೆ ಸುರಿದೆ. ವಾರ ಕಳೆದ ಮೇಲೆ ಪೊರಕೆ ಹಾಕಿದರೆ ಮೇಲ್ಪದರ ಪುಡಿಯಾಗಿ ಏಳುತ್ತಿತ್ತು. ಹಳೇ ಕಾಂಕ್ರೀಟಿನ ಜಲ್ಲಿಗೆ ಹಳೇ ಸಿಮೆಂಟು ಅಂಟಿರುತ್ತದೆ, ಅದು ಹೊಸ ಜಲ್ಲಿಗಿಂತ ಎಷ್ಟೋ ಜಾಸ್ತಿ ನೀರು ಕುಡಿಯುತ್ತದೆ. ಎರಡನೇ ಸಲ ಹಿಂದಿನ ರಾತ್ರಿಯೇ ಜಲ್ಲಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಕಲಸಿದೆವು. ಆ ಭಾಗ ಇವತ್ತಿಗೂ ಗಟ್ಟಿಯಾಗಿದೆ. ಹಾಳಾದ ತುಂಡನ್ನು ಬೇಕಂತಲೇ ಹಾಗೇ ಬಿಟ್ಟಿದ್ದೇನೆ.

ಹೊಸ ಸ್ಲ್ಯಾಬಿಗೆ ಈ ಜಲ್ಲಿ ಹಾಕಲಿಲ್ಲ. ಜಲ್ಲಿ, ಮರಳಿಗೆ ಇರುವ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿಯ ಪ್ರಕಾರ ಕಬ್ಬಿಣ ಹಾಕಿದ ಕಾಂಕ್ರೀಟಿಗೆ, ಅದೂ ಎಂ25 ಅನ್ನೋ ಬಲದ ದರ್ಜೆಯವರೆಗೆ, ಇಂಥ ಜಲ್ಲಿಯನ್ನು ಹೆಚ್ಚೆಂದರೆ ಶೇ. 20ರಷ್ಟು ಬೆರೆಸಬಹುದು. ಆದರೆ ಸುತ್ತಿಗೆಯಲ್ಲಿ ಒಡೆದ, ಯಾವ ಪರೀಕ್ಷೆಯೂ ಆಗದ ಜಲ್ಲಿಯನ್ನು ತಲೆ ಮೇಲೆ ಹಾಕಿಕೊಳ್ಳುವ ಧೈರ್ಯ ನನಗಿರಲಿಲ್ಲ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಚೂರುಗಳನ್ನಂತೂ ಮೊದಲ ದಿನವೇ ಬೇರೆ ಚೀಲಕ್ಕೆ ಹಾಕಿಸಿದ್ದೆ. ಅದು ಸೇರಿದರೆ ಸಿಮೆಂಟು ಕೆಡುತ್ತದೆ.

ಉಳಿದಿರೋದು ಬಚ್ಚಲು ಮನೆಯ 6 ಆಸ್ಬೆಸ್ಟಾಸ್ ಶೀಟು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಾಗಾಗಿ ಒಂದನ್ನೂ ಒಡೆಯದೆ, ನೀರು ಚಿಮುಕಿಸಿ ಇಳಿಸಿದೆವು. ಗುಜರಿಯವನು ಮುಟ್ಟಲಿಲ್ಲ. ತಾಡಪಾಲು ಸುತ್ತಿಕೊಂಡು ಇನ್ನೂ ಹಿತ್ತಲ ಗೋಡೆಗೆ ಒರಗಿವೆ.