ಮೆಣಸಿನಕಾಯಿ ಅಗಿಗೆ ಮೊದಲು ಗಾಳಿ, ಆಮೇಲೆ ಬಿಸಿಲು

ನೆರಳು ಪರದೆಯೊಳಗೆ ಬೆಳೆದ ಮೆಣಸಿನಕಾಯಿ ಅಗಿಯನ್ನು, ಅಂದರೆ ಎಳೆ ಸಸಿಯನ್ನು, ಹೊಲಕ್ಕೆ ಹಚ್ಚುವ ಮೊದಲು ಒಂದು ವಾರ, ಹತ್ತು ದಿನ ಹೊರಗಿಟ್ಟು ಗಟ್ಟಿ ಮಾಡಬೇಕು ಎಂಬುದು ಹೊಸ ಮಾತೇನಲ್ಲ. ಚಳಿ ದೇಶಗಳಲ್ಲಿ ಮುಖ್ಯವಾಗಿ ರಾತ್ರಿಯ ತಂಪಿಗೆ ಸಸಿ ಒಗ್ಗಲೆಂದು ಹೀಗೆ ಮಾಡುತ್ತಾರೆ. ಬಾಗಲಕೋಟೆ ಜಿಲ್ಲೆಯ ಕಲಾದಗಿ ಕಡೆ ಒಕ್ಕಲುತನ ಮಾಡುವ ನನಗೆ ಜೂನ್ ತಿಂಗಳಲ್ಲಿ ಚಳಿಯ ಚಿಂತೆ ಎಲ್ಲಿಂದ ಬರಬೇಕು? ಬಿಸಿಲನ್ನು ನೋಡಿಕೊಂಡರೆ ಸಾಕು ಎನ್ನುವವರೇ ನಮ್ಮಲ್ಲಿ ಹೆಚ್ಚು. ನಾನು ಮಾತ್ರ ಪಡುವಣ ಗಾಳಿಗೆ ಹೆಚ್ಚು ಹೆದರುತ್ತೇನೆ.

ಮೃಗಶಿರಾ ಮಳೆಯ ಹೊತ್ತಿಗೆ ಎರೆ (ಕಪ್ಪು ಮಣ್ಣಿನ) ಹೊಲದ ಮೇಲೆ ಆ ಗಾಳಿಗೆ ಅಡ್ಡಿಯೇ ಇರುವುದಿಲ್ಲ. ಪರದೆಯೊಳಗೆ ಟ್ರೇಗಳು ಒತ್ತೊತ್ತಾಗಿರುವಾಗ ಗಾಳಿ ನಿಂತಿರುತ್ತದೆ, ತೇವವೂ ಇರುತ್ತದೆ. ಹಾಗಾಗಿ ಎಲೆಯ ಮೇಲ್ಪದರ ತೆಳ್ಳಗೆ ಉಳಿಯುತ್ತದೆ. ಅಂಥ ಅಗಿಯನ್ನು ನೇರ ಹೊಲಕ್ಕೆ ತಂದರೆ ಟ್ರೇಯ ಗುಳಿಯಷ್ಟೇ ಜಾಗದಲ್ಲಿ ಬೆಳೆದ ಬೇರು ಎಳೆದುಕೊಡುವುದಕ್ಕಿಂತ ಬೇಗ ಎಲೆಯಿಂದ ನೀರು ಆರಿಹೋಗುತ್ತದೆ. ಮೋಡ ಕವಿದ ದಿನವೂ ಸಸಿ ಬಾಡುವುದು ಇದಕ್ಕೇ. ಜೊತೆಗೆ ಎಳೆಯ ಕಾಂಡ ದಿನವಿಡೀ ಓಲಾಡಿ, ಒಣಗಿದ ಎರೆ ಮಣ್ಣಿನ ಅಂಚಿಗೆ ಉಜ್ಜಿ ಬುಡದಲ್ಲೇ ಗಾಯ ಮಾಡಿಕೊಳ್ಳುತ್ತದೆ.

ಆದ್ದರಿಂದ ಅಗಿಗೆ ಮೂವತ್ತು ದಿನ ತುಂಬುತ್ತಿದ್ದಂತೆ ಪರದೆಯ ಬದಿಗಳನ್ನು ಮೇಲಕ್ಕೆ ಸುತ್ತಿ ಕಟ್ಟುತ್ತೇನೆ, ಮೇಲಿನ ನೆರಳನ್ನು ಮುಟ್ಟುವುದಿಲ್ಲ. ಟ್ರೇಗಳನ್ನು ಬಿಡಿಬಿಡಿಯಾಗಿ ಇಟ್ಟಂಗಿಯ ಮೇಲೆ ಏರಿಸುತ್ತೇನೆ. ತಳದಲ್ಲಿ ಗಾಳಿಯಾಡಿದರೆ ತೂತಿನಿಂದ ಇಣುಕಿದ ಬೇರಿನ ತುದಿ ಒಣಗಿ, ಒಳಗೇ ಕವಲೊಡೆಯುತ್ತದೆ. ಟ್ರೇ ನೆಲದ ಮೇಲಿದ್ದರೆ ಬೇರು ಮಣ್ಣಿಗಿಳಿಯುತ್ತದೆ, ಎತ್ತುವಾಗ ಹರಿಯುತ್ತದೆ. ಗಾಳಿ ಇಲ್ಲದ ದಿನ ಬೆಳಿಗ್ಗೆ ಸಂಜೆ ಸಸಿಗಳ ತುದಿಯ ಮೇಲೆ ಅಂಗೈ ಆಡಿಸುತ್ತೇನೆ. ಹೀಗೆ ಅಲುಗಾಡಿದ ಕಾಂಡ ಗಿಡ್ಡಗೆ, ದಪ್ಪಗೆ ಬೆಳೆಯುತ್ತದೆ. ನೋಡಿದವರಿಗೆ ನಾನು ಸಸಿಗಳನ್ನು ಮುದ್ದಿಸುತ್ತಿರುವಂತೆ ಕಾಣುತ್ತದೆ, ಕಾಣಲಿ.

ಬಿಸಿಲಿನ ಸರದಿ ಆಮೇಲೆ. ಟ್ರೇಗಳನ್ನು ಬೇವಿನ ಮರದ ಮೂಡಣ ಬದಿಗೆ ಸಾಗಿಸುತ್ತೇನೆ. ಬೆಳಗಿನ ಬಿಸಿಲು ನೇರವಾಗಿ ಸಿಗುತ್ತದೆ, ಮಧ್ಯಾಹ್ನಕ್ಕೆ ಚುಕ್ಕಿ ಚುಕ್ಕಿ ನೆರಳು. ನಮ್ಮ ಭಾಗದಲ್ಲಿ ಚಿಕ್ಕು ತೋಟಗಳಿಗೇನೂ ಕೊರತೆಯಿಲ್ಲ, ಆದರೆ ಚಿಕ್ಕು ಮರದ ನೆರಳು ತೀರಾ ದಟ್ಟ. ಅದರಡಿ ಇಟ್ಟ ಸಸಿ ಬೆಳಕು ಹುಡುಕಿಕೊಂಡು ಉದ್ದವಾಗುತ್ತದೆ, ಮಾಡಿದ ಕೆಲಸವೆಲ್ಲ ಹಾಳು. ದಿನಕ್ಕೆ ಒಂದೆರಡು ತಾಸಿನಂತೆ ಬಿಸಿಲನ್ನು ಹೆಚ್ಚಿಸಿ ಕೊನೆಗೆ ಪೂರ್ತಿ ಬಯಲಿಗೆ ತರುತ್ತೇನೆ. ಮೇಲಿನ ಎಲೆಗಳಲ್ಲಿ ಬಿಳಿ ಕಲೆ ಕಂಡರೆ ಅದು ರೋಗವಲ್ಲ, ಬಿಸಿಲಿನ ಸುಟ್ಟ ಗಾಯ. ಆ ಕಲೆ ಮಾಯುವುದಿಲ್ಲ. ಔಷಧ ಹೊಡೆಯುವ ಬದಲು ಬಿಸಿಲನ್ನು ಸ್ವಲ್ಪ ಇಳಿಸಿ, ಹೊಸ ಎಲೆ ಬರುವುದನ್ನು ಕಾಯಬೇಕು.

ನೀರು ಕೈ ಹಿಡಿದು ಕೊಡಬೇಕಾದದ್ದು ಈ ದಿನಗಳಲ್ಲೇ. ನಾನು ಹೊತ್ತು ನೋಡಿ ನೀರು ಹಾಕುವುದಿಲ್ಲ, ಟ್ರೇ ಎತ್ತಿ ತೂಕ ನೋಡುತ್ತೇನೆ. ಮಧ್ಯಾಹ್ನ ಜೋತುಬಿದ್ದ ಎಲೆ ಸಂಜೆಗೆ ನೆಟ್ಟಗಾದರೆ ಚಿಂತೆಯಿಲ್ಲ. ಬೆಳಿಗ್ಗೆಯೇ ಜೋತುಬಿದ್ದಿದ್ದರೆ ತಡ ಮಾಡುವಂತಿಲ್ಲ. ಟ್ರೇಯಲ್ಲಿ ತುಂಬಿದ ತೆಂಗಿನ ನಾರಿನ ಪುಡಿ ಪೂರ್ತಿ ಒಣಗಿದ ಮೇಲೆ ಮೇಲಿಂದ ಸುರಿದ ನೀರನ್ನು ಹೀರುವುದೇ ಇಲ್ಲ, ನೀರು ಬದಿಯಿಂದ ಜಾರಿಹೋಗುತ್ತದೆ. ಆಗ ಟ್ರೇಯನ್ನು ನೀರಿರುವ ಅಗಲ ಬೋಗುಣಿಯಲ್ಲಿ ಇಟ್ಟು ತಳದಿಂದ ನೆನೆಸಬೇಕು. ಯೂರಿಯಾ, 19:19:19 ಗೊಬ್ಬರ ಈ ಹೊತ್ತಿನಲ್ಲಿ ಬೇಡ. ನರ್ಸರಿಗಳಲ್ಲಿ ಕಡು ಹಸಿರಾಗಿ, ಉದ್ದವಾಗಿ ಕಾಣುವ ಅಗಿಯನ್ನೇ ಜನ ಆರಿಸುತ್ತಾರೆ, ಬೆಳೆಸುವವರೂ ಅದನ್ನೇ ಬೆಳೆಸುತ್ತಾರೆ. ನಾನು ಕೊಳ್ಳುವ ವರ್ಷ ಗಿಡ್ಡನೆಯದನ್ನು, ಬುಡಕ್ಕೆ ತುಸು ನೇರಳೆ ಛಾಯೆ ಬಂದದ್ದನ್ನು ಕೇಳಿ ತರುತ್ತೇನೆ.

ಪರದೆ ಬಿಟ್ಟು ಹೊರಬಂದ ಅಗಿಯನ್ನು ಬಿಳಿ ನೊಣ, ಥ್ರಿಪ್ಸ್ ನುಸಿ ಬೇಗ ಹುಡುಕಿಕೊಂಡು ಬರುತ್ತವೆ. ಅವುಗಳಿಂದ ಎಲೆ ಮುದುಡುವ ಮುಟುರು ರೋಗ, ಅಗಿ ಹೊಲಕ್ಕೆ ಹೋಗುವ ಮೊದಲೇ ಅಂಟಬಹುದು. ಹಳದಿ, ನೀಲಿ ಅಂಟು ಹಾಳೆಗಳನ್ನು ಸಸಿಯ ಎತ್ತರಕ್ಕೇ ಕಟ್ಟುತ್ತೇನೆ, ಎಲೆಯ ಅಡಿಭಾಗವನ್ನು ದಿನಾ ನೋಡುತ್ತೇನೆ. ಹೊಲದ ಸುತ್ತ ಗೋವಿನಜೋಳದ ಎರಡು ಸಾಲುಗಳನ್ನು ಮೊದಲೇ ಬಿತ್ತಿರುತ್ತೇನೆ. ಅದು ಹುಳಕ್ಕೆ ತಡೆ ಎಂದು ಹೇಳುತ್ತಾರೆ, ನನಗೆ ಗಾಳಿಗೆ ಗೋಡೆಯೂ ಆಗುತ್ತದೆ.

ಬೆರಳಿನಿಂದ ತಳ ಒತ್ತಿದಾಗ ಬೇರಿನ ಮುದ್ದೆ ಒಡೆಯದೆ ಇಡಿಯಾಗಿ ಬಂದರೆ ಅಗಿ ಸಿದ್ಧ. ಹಚ್ಚುವ ಹಿಂದಿನ ದಿನ ಟ್ರೇಗೆ ಹೊಟ್ಟೆ ತುಂಬ ನೀರು, ಹಚ್ಚುವುದು ಸಂಜೆ ನಾಲ್ಕರ ನಂತರ, ಹಸಿ ನೆಲಕ್ಕೆ. ಮಳೆ ಬರಲಿಲ್ಲವೆಂದು ಟ್ರೇಯಲ್ಲೇ ಕಾಯಿಸುತ್ತ ಕೂತರೆ ಕಾಂಡ ಕಟ್ಟಿಗೆಯಾಗಿ, ಅಲ್ಲೇ ಮೊಗ್ಗು ಬಿಡುತ್ತದೆ. ಅಂಥ ಅಗಿ ಹೊಲದಲ್ಲಿ ಚಿಗುರಲು ಬಹಳ ಸತಾಯಿಸುತ್ತದೆ. ಹಾಗಾಗಿ ಮೃಗಶಿರಾ ಕೈಕೊಟ್ಟರೆ ನಾನು ಆರಿದ್ರಾ ಮಳೆಗೆ ಕಾಯುವುದಿಲ್ಲ. ಕೊಳವೆ ಬಾವಿಯಲ್ಲಿ ನೀರಿರುವಷ್ಟು ಜಾಗಕ್ಕೆ ಹನಿ ನೀರಾವರಿಯಲ್ಲೇ ಹಚ್ಚಿ, ಉಳಿದ ಟ್ರೇಗಳನ್ನು ಬೇಕಾದವರಿಗೆ ಕೊಟ್ಟುಬಿಡುತ್ತೇನೆ.