ಹೆಬ್ಬೆರಳು ಮಾತು ಕೇಳಲಿಲ್ಲ

ಕಲಬುರಗಿಯಲ್ಲಿ ಫಿಸಿಯೋಥೆರಪಿ ಶುರು ಮಾಡಿ ಒಂಬತ್ತು ವರ್ಷ ಆಯಿತು. ಅಂಗಾಲು ನೋವು ಅಂತ ಬಂದವರಿಗೆಲ್ಲ ಒಂದೇ ಮಾತು: ನೆಲದ ಮೇಲೆ ಟವೆಲ್ ಹಾಸಿ, ಕಾಲ್ಬೆರಳಲ್ಲಿ ಮುದುಡಿ ಎಳೀರಿ. ಹೋದ ಬೇಸಿಗೆಯಲ್ಲಿ ನನಗೇ ನೋವು ಬಂತು. ದಿನವಿಡೀ ಶಹಾಬಾದ್ ಪರ್ಸಿಯ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ಮೇಲೆ ನಿಂತು ಕೆಲಸ. ಸಂಜೆ ಅಪ್ಪನ ಕೆರೆ ಹತ್ತಿರ ನಡೆಯಲು ಹೋದರೆ ಹತ್ತೇ ನಿಮಿಷಕ್ಕೆ ಪಾದದ ಒಳಬದಿ ಜಗ್ಗುತ್ತಿತ್ತು.

ಒಂದು ರಾತ್ರಿ ಸುಮ್ನೆ ಕುಳಿತು ಹೆಬ್ಬೆರಳನ್ನು ಪಕ್ಕದ ಬೆರಳಿಂದ ದೂರ ಸರಿಸಲು ನೋಡಿದೆ. ಅಲುಗಲೇ ಇಲ್ಲ! ಹಲ್ಲು ಕಚ್ಚಿದೆ, ಉಳಿದ ನಾಲ್ಕು ಬೆರಳು ಕುಣಿದವು. ಅವ್ವ ನೋಡಿ, "ಏನ್ ಮಾಡ್ಲಕತ್ತಿಯಪ್ಪಾ, ಇರುವಿ ಕಡೀತೇನು?" ಅಂದಳು. ವಿಷಯ ಹೇಳಿದೆ. ಅವಳು ತನ್ನ ಬೆರಳನ್ನೆಲ್ಲ ಬೀಸಣಿಗೆ ಹಾಗೆ ಹರವಿ ತೋರಿಸಿದಳು, ಕಾಲುಂಗುರ ಸಮೇತ. ಅರ್ಧ ಆಯುಷ್ಯ ಬರಿಗಾಲಲ್ಲಿ ಹೊಲ ತಿರುಗಿದವಳು. ನಾನು ಆರು ವರ್ಷದವನಿದ್ದಾಗಿಂದ ಬೂಟು.

ಆಗ ನನ್ನ ಟವೆಲ್ ಪಾಠವನ್ನೇ ಮತ್ತೆ ಯೋಚಿಸಿದೆ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮೊಣಕಾಲ ಕೆಳಗೆ, ಮೀನಖಂಡದ ಒಳಗೆ. ಅವುಗಳ ಹುರಿಗಳಷ್ಟೇ ಪಾದಕ್ಕೆ ಇಳಿಯುತ್ತವೆ. ಪಾದದಲ್ಲೇ ಹುಟ್ಟಿ ಪಾದದಲ್ಲೇ ಮುಗಿಯುವ ಚಿಕ್ಕ ಸ್ನಾಯುಗಳು ಬೇರೆ. ಅಂಗಾಲಿನಲ್ಲಿ ಅವು ನಾಲ್ಕು ಪದರವಾಗಿವೆ. ಟವೆಲ್ ಎಳೆಯುವಾಗ ಅವೂ ದುಡಿಯುತ್ತವೆ, ಆದರೆ ದೊಡ್ಡವು ಮುಂದೆ ಬಿದ್ದು ಜಾಸ್ತಿ ಕೆಲಸ ಕಸಿದುಕೊಳ್ಳುತ್ತವೆ.

ಈ ಚಿಕ್ಕವು ಪಾದದ ಕಮಾನನ್ನು, ಅಂದರೆ ಒಳಬದಿಯ ಬಾಗನ್ನು, ಕಂಬದ ಹಾಗೆ ಹೊತ್ತಿವೆ ಅಂತಲೇ ನಾನು ನಂಬಿದ್ದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನರಕ್ಕೆ ಮರಗಟ್ಟುವ ಮದ್ದು ಕೊಟ್ಟು ಇವುಗಳ ಕೆಲಸ ನಿಲ್ಲಿಸಿ ನೋಡಿದ್ದರು. ಭಾರ ಬಿದ್ದಾಗ ಕಮಾನು ಅಷ್ಟೇನೂ ಹೆಚ್ಚಿಗೆ ಕುಸಿಯಲಿಲ್ಲ. ಸೋತಿದ್ದು ಹಿಮ್ಮಡಿ ಎದ್ದು ಬೆರಳುಗಳು ನೆಲ ಒತ್ತಿ ಮುಂದೆ ತಳ್ಳುವಾಗ. ಆ ಗಳಿಗೆಯಲ್ಲಿ ಪಾದದ ಮುಂಭಾಗ ಬಿಗಿಯಾಗದಿದ್ದರೆ ಮೀನಖಂಡದ ಬಲ ನೆಲಕ್ಕೆ ಸರಿಯಾಗಿ ಮುಟ್ಟುವುದಿಲ್ಲ, ಅಲ್ವಾ?

ನಾನು ಮಾಡಿದ್ದು ಹೀಗೆ. ಕುರ್ಚಿಯಲ್ಲಿ ಕುಳಿತು ಪಾದ ನೆಲಕ್ಕೆ ಊರುವುದು. ಬೆರಳು ಮಡಚದೆ, ಹೆಬ್ಬೆರಳ ಬುಡವನ್ನು ಹಿಮ್ಮಡಿಯ ಕಡೆ ಎಳೆದು ಐದು ಸೆಕೆಂಡು ಹಿಡಿಯುವುದು. ಹೀಗೆ ಹತ್ತು ಸಲ. ಮೊದಲ ವಾರ ಅಂಗಾಲಿಗೆ ಸೆಳೆತ ಬಂದು ಅರ್ಧಕ್ಕೇ ಬಿಟ್ಟೆ. ಹೆಬ್ಬೆರಳನ್ನು ಕೈಯಿಂದ ಸರಿಸುತ್ತಾ, ಜೊತೆಗೇ ಮನಸ್ಸಿನಿಂದಲೂ ಸರಿಸಲು ನೋಡುತ್ತಿದ್ದೆ. ಮೂರನೇ ವಾರ ಅದು ಕೂದಲೆಳೆಯಷ್ಟು ಅಲುಗಿತು. ಅವ್ವನನ್ನು ಕೂಗಿ ತೋರಿಸಿದೆ. ಆಮೇಲೆ ನಿಂತು, ಗೋಡೆ ಹಿಡಿದು, ಬೆರಳು ಒತ್ತಿ ಹಿಮ್ಮಡಿ ಎತ್ತುವುದನ್ನು ಸೇರಿಸಿದೆ.

ಎರಡು ತಿಂಗಳಿಗೆ ಕೆರೆ ಹತ್ತಿರ ಅರ್ಧ ಗಂಟೆ ನಡೆದರೂ ಜಗ್ಗುವುದು ನಿಂತಿತು. ಒದ್ದೆ ಕಾಲಲ್ಲಿ ಪರ್ಸಿ ಮೇಲೆ ನಿಂತರೆ ಹೆಜ್ಜೆ ಗುರುತು ಮಾತ್ರ ಮೊದಲಿನಂತೆಯೇ ಚಪ್ಪಟೆ. ಈಗ ನೋವು ಅಂತ ಬಂದವರಿಗೆ ಮೊದಲು ಚಪ್ಪಲಿ ಬಿಟ್ಟು ಬೆರಳು ಹರವಲು ಹೇಳುತ್ತೇನೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರನ್ನು ಮೊದಲು ಡಾಕ್ಟರ್ ಹತ್ತಿರ ಕಳಿಸುತ್ತೇನೆ, ಬರಿಗಾಲ ಕಸರತ್ತು ಅವರಿಗೆ ಹಾಗೇ ಹೇಳುವಂಥದ್ದಲ್ಲ.

ನನ್ನ ಬಲಗಾಲಿನ ಹೆಬ್ಬೆರಳು ಈಗ ಹೇಳಿದಾಗ ಸರಿಯುತ್ತದೆ. ಎಡಗಾಲಿನದು ಇನ್ನೂ ಕೈ ಹಿಡಿದು ಎಳೆದರಷ್ಟೇ.